ಪಾರಿವಾಳದ ಕಾಲಿಗೆ ಕಟ್ಟಿದ ಪ್ಯಾಕೆಟ್

2001ರ ಏಪ್ರಿಲ್‌ನಲ್ಲಿ ನಾರ್ವೆಯ ಬರ್ಗೆನ್ ನಗರದ, ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಬಳಸುವ ಹವ್ಯಾಸಿಗಳ ಗುಂಪೊಂದು ಸುಮಾರು 5 ಕಿಲೋಮೀಟರ್ ಅಂತರದಲ್ಲಿ ಎರಡು ಕಂಪ್ಯೂಟರುಗಳನ್ನು ಇಟ್ಟಿತು. ನಡುವೆ ತಂತಿ ಇರಲಿಲ್ಲ, ರೇಡಿಯೊ ಇರಲಿಲ್ಲ. ಒಂದು ಕಂಪ್ಯೂಟರಿನಲ್ಲಿ ಪಿಂಗ್ ಎಂಬ ಆದೇಶ ಕೊಟ್ಟರು. ನಿಮ್ಮಲ್ಲಿ ಹಲವರು ಅದನ್ನು ಬಳಸಿರುತ್ತೀರಿ. ‘ಅಲ್ಲಿದ್ದೀಯಾ?’ ಎಂದು ಇನ್ನೊಂದು ಯಂತ್ರವನ್ನು ಕೇಳಿ, ಉತ್ತರ ಬರಲು ಎಷ್ಟು ಹೊತ್ತಾಯಿತು ಎಂದು ಅಳೆಯುವ ಪುಟ್ಟ ತಂತ್ರಾಂಶ ಅದು. ಆ ಪ್ರಶ್ನೆಯಿದ್ದ ಪ್ಯಾಕೆಟ್, ಅಂದರೆ ವಿಳಾಸ ಹೊತ್ತ ಮಾಹಿತಿಯ ತುಂಡು, ಕಾಗದದ ಮೇಲೆ ಅಚ್ಚಾಯಿತು. ಕಾಗದವನ್ನು ಸುರುಳಿ ಸುತ್ತಿ ಪಾರಿವಾಳದ ಕಾಲಿಗೆ ಕಟ್ಟಿ ಹಾರಿಬಿಟ್ಟರು. ಆಚೆ ಬದಿಯವರು ಕಾಗದ ಬಿಚ್ಚಿ, ಸ್ಕ್ಯಾನ್ ಮಾಡಿ, ಅಕ್ಷರಗಳನ್ನು ಮತ್ತೆ ಬಿಟ್‌ಗಳನ್ನಾಗಿಸಿ ತಮ್ಮ ಕಂಪ್ಯೂಟರಿಗೆ ಉಣಿಸಿದರು. ಉತ್ತರವೂ ಹಾಗೆಯೇ ಹಾರಿ ಬಂತು.

ಒಂಬತ್ತು ಪ್ಯಾಕೆಟ್‌ಗಳು ಹೋದವು, ನಾಲ್ಕಕ್ಕೆ ಉತ್ತರ ಬಂತು. ಎಲ್ಲಕ್ಕಿಂತ ಬೇಗ ಬಂದ ಉತ್ತರಕ್ಕೆ 53 ನಿಮಿಷ ಹಿಡಿದಿತ್ತು, ತೀರಾ ತಡವಾದದ್ದಕ್ಕೆ ಒಂದು ಗಂಟೆ 46 ನಿಮಿಷ. ಪಿಂಗ್ ಮಾತ್ರ ಮುಖದಲ್ಲಿ ನಗುವಿಲ್ಲದೆ ಎಂದಿನ ವರದಿ ಒಪ್ಪಿಸಿತು: ಶೇ 55 ಪ್ಯಾಕೆಟ್ ನಷ್ಟ, ಗರಿಷ್ಠ ಸಮಯ 63 ಲಕ್ಷ ಚಿಲ್ಲರೆ ಮಿಲಿಸೆಕೆಂಡು.

ಆ ಗುಂಪು ಇದನ್ನು ತನ್ನ ಮನಸ್ಸಿಗೆ ಬಂದಂತೆ ಮಾಡಿರಲಿಲ್ಲ. ಅಂತರ್ಜಾಲದ ಕಟ್ಟಳೆಗಳನ್ನು ಬರೆದಿಡುವ ಆರ್‌ಎಫ್‌ಸಿ ಎಂಬ ದಾಖಲೆಗಳ ಸರಣಿ 1969ರಿಂದ ನಡೆದು ಬಂದಿದೆ. ಅದರಲ್ಲಿ 1149ನೆಯದು ಪ್ಯಾಕೆಟ್‌ಗಳನ್ನು ಪಾರಿವಾಳದ ಮೂಲಕ ಕಳುಹಿಸುವ ವಿಧಾನ. ಪ್ರಕಟವಾದದ್ದು 1990ರ ಏಪ್ರಿಲ್ 1ರಂದು ಎಂದರೆ ಉಳಿದದ್ದು ನಿಮಗೆ ಅರ್ಥವಾಯಿತು. ಒಂದು ಪ್ಯಾಕೆಟ್ ಎಷ್ಟು ದೊಡ್ಡದಿರಬಹುದು ಎಂಬ ಮಿತಿಯನ್ನು ಅದರಲ್ಲಿ ಬೈಟ್‌ಗಳಲ್ಲಿ ಕೊಟ್ಟಿಲ್ಲ, 256 ಮಿಲಿಗ್ರಾಂ ಎಂದು ಕೊಟ್ಟಿದ್ದಾರೆ. ಹಕ್ಕಿಗೆ ವಯಸ್ಸಾದಂತೆ ಈ ಮಿತಿ ಹೆಚ್ಚುತ್ತದೆ ಎಂಬ ಟಿಪ್ಪಣಿ ಬೇರೆ. ಈ ಮಿತಿಯ ವಿಷಯವನ್ನು ನೆನಪಿಟ್ಟುಕೊಳ್ಳಿ, ಮುಂದೆ ಇದೇ ನನ್ನನ್ನು ಎರಡು ದಿನ ಕಾಡಿದ್ದನ್ನು ಹೇಳುತ್ತೇನೆ.

ನನಗೆ ಈ ತಮಾಷೆಯಲ್ಲಿ ಬೆರಗು ಹುಟ್ಟಿಸುವುದು ಒಂದೇ ಸಂಗತಿ. ತಾನು ಹಕ್ಕಿಯ ಕಾಲಿನ ಮೇಲೆ ಸವಾರಿ ಮಾಡುತ್ತಿದ್ದೇನೆ ಎಂಬುದರ ಸುಳಿವೇ ಪಿಂಗ್‌ಗೆ ಇರಲಿಲ್ಲ. ತಿಳಿಯುವ ಅಗತ್ಯವೂ ಇರಲಿಲ್ಲ. ಪದರ, ಲೇಯರ್ ಎಂಬ ಪದವನ್ನು ಇವತ್ತು ನಾನು ಹತ್ತಾರು ಸಲ ಬಳಸುತ್ತೇನೆ. ಪ್ರತಿ ಸಲವೂ ಅದರ ಅರ್ಥ ಇಷ್ಟೇ: ಇಷ್ಟನ್ನು ನಾನು ನೋಡಿಕೊಳ್ಳುತ್ತೇನೆ, ಮಿಕ್ಕದ್ದನ್ನು ತಿಳಿಯದೆ ಇರುತ್ತೇನೆ ಎಂದು ಯಂತ್ರಗಳು ಮಾಡಿಕೊಂಡ ಒಪ್ಪಂದ. ಆ ಒಪ್ಪಂದದ ಬರಹ ರೂಪವೇ ಪ್ರೊಟೊಕಾಲ್.

ಮೊದಲು ಪ್ಯಾಕೆಟ್ ಏಕೆ ಬೇಕಾಯಿತು ಎಂದು ನೋಡೋಣ. ಹಳೆಯ ದೂರವಾಣಿಯಲ್ಲಿ ಇಬ್ಬರು ಮಾತಿಗೆ ತೊಡಗಿದರೆ ಆ ತುದಿಯಿಂದ ಈ ತುದಿಯವರೆಗೆ ಒಂದು ದಾರಿ ಅವರಿಗೇ ಮೀಸಲು. ಇಬ್ಬರೂ ಸುಮ್ಮನಿದ್ದರೂ ಮೀಸಲು. ಮನುಷ್ಯರ ಮಾತಿಗೆ ಇದು ಸರಿಹೋಗುತ್ತದೆ, ಏಕೆಂದರೆ ಕರೆ ಮಾಡಿದ ಮೇಲೆ ನಾವು ಸುಮ್ಮನಿರುವುದು ಕಡಿಮೆ. ಕಂಪ್ಯೂಟರುಗಳ ಸ್ವಭಾವ ಬೇರೆ. ಒಮ್ಮೆಗೆ ಸುರಿಯುತ್ತವೆ, ಆಮೇಲೆ ಬಹಳ ಹೊತ್ತು ಮೌನ. ಅವುಗಳಿಗೆ ದಾರಿ ಮೀಸಲಿಟ್ಟರೆ ಹೆಚ್ಚು ಸಮಯ ದಾರಿ ಖಾಲಿ ಬಿದ್ದಿರುತ್ತದೆ. ಬದಲಿಗೆ ಕಳುಹಿಸಬೇಕಾದ್ದನ್ನು ತುಂಡು ಮಾಡಿ, ಪ್ರತಿ ತುಂಡಿನ ಮೇಲೂ ವಿಳಾಸ ಬರೆದು, ಎಲ್ಲರ ತುಂಡುಗಳನ್ನೂ ಒಂದೇ ದಾರಿಯಲ್ಲಿ ಬೆರೆಸಿ ಬಿಟ್ಟರೆ? 1960ರ ದಶಕದಲ್ಲಿ ಈ ಯೋಚನೆ ಇಬ್ಬರಿಗೆ ಬೇರೆಬೇರೆಯಾಗಿ ಹೊಳೆಯಿತು. ಅಮೆರಿಕದ ಪಾಲ್ ಬ್ಯಾರನ್ ಅವರಿಗೆ ಅಣುದಾಳಿಯಾದ ಮೇಲೂ ಕೆಲಸ ಮಾಡುವ ಸಂಪರ್ಕ ಜಾಲ ಬೇಕಿತ್ತು. ಬ್ರಿಟನ್ನಿನ ಡೊನಾಲ್ಡ್ ಡೇವಿಸ್ ಅವರಿಗೆ ದುಬಾರಿ ಕಂಪ್ಯೂಟರುಗಳನ್ನು ಹಲವರು ದೂರದಿಂದ ಹಂಚಿಕೊಂಡು ಬಳಸುವುದು ಬೇಕಿತ್ತು. ಪ್ಯಾಕೆಟ್ ಎಂಬ ಹೆಸರಿಟ್ಟವರು ಡೇವಿಸ್. ಬೇರೆ ಭಾಷೆಗಳಿಗೂ ಸುಲಭವಾಗಿ ಅನುವಾದವಾಗುವ ಪದ ಬೇಕೆಂದು ಭಾಷಾತಜ್ಞರನ್ನು ವಿಚಾರಿಸಿ ಆರಿಸಿದರಂತೆ. ನಮ್ಮಲ್ಲಿ ಪೊಟ್ಟಣ ಎಂಬ ಒಳ್ಳೆಯ ಪದವಿದೆ. ಆದರೂ ನಾವು ಪ್ಯಾಕೆಟ್ ಎಂದೇ ಹೇಳುತ್ತೇವೆ, ಡೇವಿಸ್ ಅವರ ಶ್ರಮ ವ್ಯರ್ಥ.

1969ರ ಅಕ್ಟೋಬರ್ 29ರಂದು ಅರ್ಪಾನೆಟ್ ಎಂಬ ಜಾಲದಲ್ಲಿ ಲಾಸ್ ಏಂಜಲೀಸ್‌ನ ವಿಶ್ವವಿದ್ಯಾಲಯದಿಂದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಗೆ ‘ಲಾಗಿನ್’ ಎಂದು ಕಳುಹಿಸಹೊರಟು, ಎಲ್ ಮತ್ತು ಓ ಎಂಬ ಎರಡು ಅಕ್ಷರ ತಲುಪುವಷ್ಟರಲ್ಲಿ ಆಚೆಯ ಯಂತ್ರ ಕುಸಿದ ಕಥೆ ನಿಮಗೆ ಗೊತ್ತಿರಬಹುದು. ಅದನ್ನು ಬೆಳೆಸುವುದಿಲ್ಲ. ನಮ್ಮ ವಿಷಯಕ್ಕೆ ಹೆಚ್ಚು ಹತ್ತಿರವಾದ ವರ್ಷ 1974. ಅಷ್ಟು ಹೊತ್ತಿಗೆ ಜಾಲಗಳು ಹಲವಾಗಿದ್ದವು: ತಂತಿಯದೊಂದು, ರೇಡಿಯೊದ್ದೊಂದು, ಉಪಗ್ರಹದ್ದೊಂದು. ಒಂದೊಂದಕ್ಕೂ ತನ್ನದೇ ಪ್ಯಾಕೆಟ್ ಗಾತ್ರ, ತನ್ನದೇ ವಿಳಾಸದ ಪದ್ಧತಿ, ತನ್ನದೇ ವೇಗ. ಇವನ್ನೆಲ್ಲ ಒಂದೇ ಅಚ್ಚಿಗೆ ಹೊಯ್ಯಬೇಕೆಂದು ಹಟ ಹಿಡಿದಿದ್ದರೆ ಇವತ್ತಿಗೂ ಸಭೆಗಳೇ ನಡೆಯುತ್ತಿದ್ದವು. ವಿಂಟ್ ಸರ್ಫ್ ಮತ್ತು ಬಾಬ್ ಕಾನ್ ಆ ವರ್ಷ ಪ್ರಕಟಿಸಿದ ಪ್ರಬಂಧದಲ್ಲಿ ಜಾಲಗಳನ್ನು ಅವುಗಳ ಪಾಡಿಗೆ ಬಿಟ್ಟರು. ಎರಡು ಜಾಲಗಳ ನಡುವೆ ಒಂದು ಯಂತ್ರ ನಿಲ್ಲಲಿ, ಈ ಕಡೆಯಿಂದ ಬಂದದ್ದನ್ನು ಆ ಕಡೆಗೆ ದಾಟಿಸಲಿ, ಅಷ್ಟೇ. ದಾಟಿಸುವ ಯಂತ್ರವನ್ನು ಈಗ ರೂಟರ್ ಎನ್ನುತ್ತೇವೆ. ಜಾಲಗಳಿಂದ ಅವರು ಕೇಳಿದ್ದು ತೀರಾ ಕಡಿಮೆ: ಪ್ಯಾಕೆಟ್ ತಲುಪಿಸಲು ಪ್ರಯತ್ನ ಮಾಡು. ತಲುಪದಿದ್ದರೆ, ಎರಡು ಸಲ ತಲುಪಿದರೆ, ಹಿಂದುಮುಂದಾಗಿ ತಲುಪಿದರೆ ಅದನ್ನು ನಾವು ತುದಿಗಳಲ್ಲಿ ನೋಡಿಕೊಳ್ಳುತ್ತೇವೆ.

ಮೊದಲಿಗೆ ಇದೆಲ್ಲ ಒಂದೇ ಪ್ರೊಟೊಕಾಲ್ ಆಗಿತ್ತು. 1978ರಲ್ಲಿ ಅದನ್ನು ಎರಡಾಗಿ ಸೀಳಿದರು. ವಿಳಾಸ ನೋಡಿ ಸಾಗಿಸುವುದು ಐಪಿಯ ಕೆಲಸ, ಕಳೆದದ್ದನ್ನು ಮತ್ತೆ ಕೇಳಿ ತರಿಸಿ ಸಾಲಾಗಿ ಜೋಡಿಸುವುದು ಟಿಸಿಪಿಯ ಕೆಲಸ. ಸೀಳಲು ಒಂದು ಕಾರಣ ಧ್ವನಿ. ಮಾತಿನ ನಡುವೆ ಒಂದು ತುಣುಕು ಕಳೆದುಹೋದರೆ ಕೇಳುಗನ ಕಿವಿ ಸಹಿಸಿಕೊಳ್ಳುತ್ತದೆ. ಅದೇ ತುಣುಕಿಗಾಗಿ ಕಾದು ಎಲ್ಲವನ್ನೂ ತಡೆ ಹಿಡಿದರೆ ಸಹಿಸುವುದಿಲ್ಲ. ಖಾತರಿ ಬೇಡದವರಿಗೂ ಖಾತರಿಯನ್ನು ಹೇರಬಾರದು ಎಂಬ ಈ ತಿಳಿವಳಿಕೆಯಿಂದ ಯುಡಿಪಿ ಎಂಬ ಮೂರನೆಯದು ಹುಟ್ಟಿತು. ಅದರ ಹೆಡರ್, ಅಂದರೆ ಮಾಹಿತಿಯ ಮುಂದೆ ಅಂಟಿಸುವ ಒಕ್ಕಣೆ, ಕೇವಲ 8 ಬೈಟ್. 1983ರ ಜನವರಿ 1ರಂದು ಅರ್ಪಾನೆಟ್ ತನ್ನ ಹಳೆಯ ಪ್ರೊಟೊಕಾಲ್ ಬಿಟ್ಟು ಟಿಸಿಪಿ-ಐಪಿಗೆ ಬದಲಾಯಿತು.

ಈಗ ಒಂದು ಪ್ಯಾಕೆಟ್ ಹಿಡಿದುಕೊಂಡು ಕೆಳಗಿಳಿಯೋಣ. ನೀವು ಬ್ರೌಸರಿನಲ್ಲಿ ಒಂದು ತಾಣದ ಹೆಸರು ಬರೆದು ಎಂಟರ್ ಒತ್ತಿದಿರಿ. ಹೆಸರು ಮನುಷ್ಯರಿಗೆ, ಜಾಲಕ್ಕೆ ಅಂಕೆ ಬೇಕು. ಹಾಗಾಗಿ ಮೊದಲು ಹೆಸರನ್ನು ಅಂಕೆಗೆ ಬದಲಿಸಿ ಕೊಡುವ ಡಿಎನ್‌ಎಸ್‌ಗೆ ಒಂದು ಪ್ರಶ್ನೆ ಹೋಗಿ ಉತ್ತರ ಬರುತ್ತದೆ. 1983ಕ್ಕೆ ಮುಂಚೆ ಇಂಥ ವ್ಯವಸ್ಥೆಯೇ ಇರಲಿಲ್ಲ. ಜಾಲದ ಎಲ್ಲ ಯಂತ್ರಗಳ ಹೆಸರುಗಳಿದ್ದ ಒಂದೇ ಕಡತವನ್ನು ಒಂದು ಕಡೆ ಇಟ್ಟು ಎಲ್ಲರೂ ಆಗಾಗ ನಕಲು ಮಾಡಿಕೊಳ್ಳುತ್ತಿದ್ದರು. ಇರಲಿ. ವಿಳಾಸ ಸಿಕ್ಕಿತು ಎಂದಿಟ್ಟುಕೊಳ್ಳಿ. ಬ್ರೌಸರ್ ‘ಈ ಪುಟ ಕೊಡು’ ಎಂಬ ಕೋರಿಕೆ ಬರೆದು ಟಿಸಿಪಿಯ ಕೈಗಿಡುತ್ತದೆ. ಟಿಸಿಪಿ ಅದಕ್ಕೆ 20 ಬೈಟ್‌ಗಳ ಹೆಡರ್ ಅಂಟಿಸುತ್ತದೆ. ಯಾವ ಪೋರ್ಟಿನಿಂದ ಯಾವ ಪೋರ್ಟಿಗೆ, ಈ ತುಂಡು ಸಾಲಿನಲ್ಲಿ ಎಷ್ಟನೆಯ ಬೈಟ್‌ನಿಂದ ಶುರು ಎಂಬುದು ಅದರಲ್ಲಿರುತ್ತದೆ. ಪೋರ್ಟ್ ಎಂದರೆ ಒಂದೇ ಯಂತ್ರದೊಳಗೆ ಯಾವ ತಂತ್ರಾಂಶಕ್ಕೆ ಸೇರಬೇಕು ಎನ್ನುವ ಸಂಖ್ಯೆ. ಐಪಿ ತನ್ನ 20 ಬೈಟ್ ಸೇರಿಸುತ್ತದೆ, ಅದರಲ್ಲಿ ಎರಡು ತುದಿಗಳ ವಿಳಾಸಗಳಿವೆ. ಕೊನೆಗೆ ಅಕ್ಕಪಕ್ಕದ ಯಂತ್ರಗಳನ್ನು ತಂತಿಯಲ್ಲಿ ಜೋಡಿಸುವ ಈಥರ್ನೆಟ್ ಮುಂದೆ 14 ಬೈಟ್, ಹಿಂದೆ ತಪ್ಪು ಹಿಡಿಯಲು 4 ಬೈಟ್ ಸೇರಿಸಿ ತಂತಿಗೆ ಇಳಿಸುತ್ತದೆ. ಈಥರ್ನೆಟ್ ಒಂದು ಸಲಕ್ಕೆ ಹೊರುವುದು 1500 ಬೈಟ್. ಮೇಲಿನ ಎರಡು ಹೆಡರ್‌ಗಳು 40 ತಿಂದರೆ ನಿಮ್ಮ ಮಾಹಿತಿಗೆ ಉಳಿಯುವುದು 1460.

ದೂರದ ಯಂತ್ರಕ್ಕೆ ಲಾಗಿನ್ ಆಗಿ ಒಂದೇ ಒಂದು ಅಕ್ಷರ ಒತ್ತಿದರೆ ಏನಾಗುತ್ತದೆ ಎಂದು ಲೆಕ್ಕ ಹಾಕಿ. ಗೂಢಲಿಪಿ ಏನೂ ಇಲ್ಲದ ಹಳೆಯ ಕಾಲದ ಲಾಗಿನ್ ಎಂದೇ ಇಟ್ಟುಕೊಳ್ಳೋಣ. ಹೊರೆ ಒಂದು ಬೈಟ್, ಹೆಡರ್ ನಲವತ್ತು. ಅಷ್ಟಾದರೂ ಈಥರ್ನೆಟ್‌ಗೆ ಇದು ತೀರಾ ಚಿಕ್ಕದು, ಅದರ ಫ್ರೇಮ್, ಅಂದರೆ ತಂತಿಗೆ ಇಳಿಸುವ ಪೂರ್ತಿ ಕಟ್ಟು, 64 ಬೈಟ್‌ಗಿಂತ ಕಡಿಮೆ ಇರುವಂತಿಲ್ಲ. ಹಾಗಾಗಿ ಸೊನ್ನೆಗಳನ್ನು ತುಂಬಿ ಉದ್ದ ಮಾಡಿ ಕಳುಹಿಸುತ್ತದೆ.

ಲಕೋಟೆಯೊಳಗೆ ಲಕೋಟೆ ಎಂಬ ಹೋಲಿಕೆಯನ್ನು ಪಠ್ಯಪುಸ್ತಕಗಳು ಕೊಡುತ್ತವೆ. ಅದು ಒಂದು ಹಂತದವರೆಗೆ ಸರಿ, ಆದರೆ ಮುಖ್ಯವಾದದ್ದನ್ನೇ ಮುಚ್ಚಿಡುತ್ತದೆ. ಹೊರಗಿನ ಲಕೋಟೆ ಕೊನೆಯವರೆಗೆ ಹೋಗುವುದಿಲ್ಲ. ನಿಮ್ಮ ಕಂಪ್ಯೂಟರಿನಿಂದ ಹೊರಟ ಈಥರ್ನೆಟ್ ಫ್ರೇಮ್‌ನ ಮೇಲಿರುವುದು ಪುಟ ಕೊಡುವ ಸರ್ವರಿನ ವಿಳಾಸವಲ್ಲ, ಪಕ್ಕದಲ್ಲೇ ಇರುವ ರೂಟರಿನ ಯಂತ್ರವಿಳಾಸ, ಅಂದರೆ ಆ ತಂತಿಯಲ್ಲಿ ಅದನ್ನು ಗುರುತಿಸುವ ಸಂಖ್ಯೆ. ಆ ವಿಳಾಸ ನಿಮ್ಮ ಕಂಪ್ಯೂಟರಿಗೆ ಹೇಗೆ ಗೊತ್ತು? ಕೂಗಿ ಕೇಳುತ್ತದೆ. ‘192.168.1.1 ಎಂಬ ಐಪಿ ವಿಳಾಸ ಯಾರದು, ಹೇಳಿ’ ಎಂದು ಆ ಜಾಲದ ಎಲ್ಲರಿಗೂ ಕೇಳುವಂತೆ ಕೂಗುತ್ತದೆ. ‘ನನ್ನದು, ನನ್ನ ಯಂತ್ರವಿಳಾಸ ಇದು’ ಎಂದು ರೂಟರ್ ಉತ್ತರಿಸುತ್ತದೆ. ಉತ್ತರ ಕೊಟ್ಟವನು ನಿಜ ಹೇಳುತ್ತಿದ್ದಾನೆಯೇ ಎಂದು ಪರೀಕ್ಷಿಸುವ ಯಾವ ಏರ್ಪಾಡೂ ಇದರಲ್ಲಿ ಇಲ್ಲ. ಈ ಪ್ರೊಟೊಕಾಲ್ ಬರೆದ ಕಾಲದಲ್ಲಿ ಒಂದೇ ತಂತಿಗೆ ಅಂಟಿಕೊಂಡವರೆಲ್ಲ ಪರಿಚಿತರು.

ರೂಟರ್ ಏನು ಮಾಡುತ್ತದೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಿ, ಇಡೀ ವ್ಯವಸ್ಥೆಯ ಗುಟ್ಟು ಇಲ್ಲಿದೆ. ಫ್ರೇಮ್ ಬಂತು. ಹೊರಗಿನ ಹದಿನಾಲ್ಕು ಬೈಟ್ ಕಿತ್ತು ಎಸೆಯಿತು. ಒಳಗಿನ ಐಪಿ ಹೆಡರ್‌ನಲ್ಲಿ ತಲುಪಬೇಕಾದ ವಿಳಾಸ ನೋಡಿತು. ಆ ವಿಳಾಸದ ಕಡೆಗೆ ಮುಂದಿನ ರೂಟರ್ ಯಾವುದು ಎಂದು ತನ್ನ ಪಟ್ಟಿಯಲ್ಲಿ ಹುಡುಕಿತು. ಹೆಡರ್‌ನಲ್ಲಿ ಟಿಟಿಎಲ್ ಎಂಬ ಒಂದು ಸಂಖ್ಯೆ ಇರುತ್ತದೆ, ಅದರಲ್ಲಿ ಒಂದು ಕಳೆಯಿತು. ಹೊಸ ಹೊರಕವಚ ಹೊದಿಸಿತು, ಆಚೆ ಬದಿ ಗಾಜಿನೆಳೆಯಾಗಿದ್ದರೆ ಅದಕ್ಕೆ ತಕ್ಕದ್ದು, ರೇಡಿಯೊ ಆಗಿದ್ದರೆ ಅದಕ್ಕೆ ತಕ್ಕದ್ದು, ಪಾರಿವಾಳವಾಗಿದ್ದರೆ ಕಾಗದ. ಕಳುಹಿಸಿತು, ಮರೆತುಬಿಟ್ಟಿತು. ಆ ಪ್ಯಾಕೆಟ್ ಎಂದಾದರೂ ತನ್ನ ಬಳಿ ಬಂದಿತ್ತು ಎಂಬುದು ಅದಕ್ಕೆ ನೆನಪಿರುವುದಿಲ್ಲ. ಪೂರ್ತಿ ದಾರಿ ಗೊತ್ತಿರುವ ರೂಟರ್ ಎಂಬುದೂ ಇಲ್ಲ, ಪ್ರತಿಯೊಂದಕ್ಕೂ ಮುಂದಿನ ಒಂದು ಹೆಜ್ಜೆ ಮಾತ್ರ ಗೊತ್ತು.

ಟಿಟಿಎಲ್ ಇರುವುದು ದಾರಿ ತಪ್ಪಿ ಸುತ್ತು ಹೊಡೆಯುವ ಪ್ಯಾಕೆಟ್‌ಗಳಿಗಾಗಿ. ಎರಡು ರೂಟರುಗಳು ತಪ್ಪು ತಿಳಿವಳಿಕೆಯಿಂದ ‘ನಿನ್ನ ಕಡೆ, ನಿನ್ನ ಕಡೆ’ ಎಂದು ಒಂದೇ ಪ್ಯಾಕೆಟ್ ಅನ್ನು ಪರಸ್ಪರ ಎಸೆದಾಡುತ್ತಿದ್ದರೆ ಅದು ಅನಂತಕಾಲ ತಿರುಗಬಾರದಲ್ಲ. ಸಂಖ್ಯೆ ಸೊನ್ನೆಗೆ ಇಳಿದಾಗ ರೂಟರ್ ಅದನ್ನು ಬಿಸುಟು, ಕಳುಹಿಸಿದವನಿಗೆ ‘ನಿನ್ನ ಪ್ಯಾಕೆಟ್ ಇಲ್ಲಿ ಮುಗಿಯಿತು’ ಎಂದು ಐಸಿಎಂಪಿ ಎಂಬ ಪ್ರೊಟೊಕಾಲ್‌ನಲ್ಲಿ ಚೀಟಿ ಬರೆಯುತ್ತದೆ. ಪಿಂಗ್ ಬಳಸುವುದೂ ಇದೇ ಐಸಿಎಂಪಿಯನ್ನು.

ಹಾಗಾದರೆ ಮಧ್ಯದಲ್ಲಿ ಯಾರೂ ಜವಾಬ್ದಾರರಲ್ಲದ ಈ ವ್ಯವಸ್ಥೆಯಲ್ಲಿ ನೀವು ಇಳಿಸಿಕೊಂಡ ಕಡತದ ಒಂದು ಬೈಟ್ ಕೂಡ ಹೆಚ್ಚುಕಡಿಮೆಯಾಗದೆ ಬರುವುದು ಹೇಗೆ? ತುದಿಗಳಲ್ಲಿರುವ ಟಿಸಿಪಿಯಿಂದ. ಮಾತಿಗೆ ಮೊದಲು ಅದು ಮೂರು ಪ್ಯಾಕೆಟ್‌ಗಳ ಒಂದು ಶಾಸ್ತ್ರ ಮುಗಿಸುತ್ತದೆ. ‘ನನ್ನ ಎಣಿಕೆ ಇಲ್ಲಿಂದ ಶುರು’ ಎಂದು ಈ ತುದಿ, ‘ಗೊತ್ತಾಯಿತು, ನನ್ನದು ಇಲ್ಲಿಂದ’ ಎಂದು ಆ ತುದಿ, ‘ಗೊತ್ತಾಯಿತು’ ಎಂದು ಮತ್ತೆ ಈ ತುದಿ. ಆಮೇಲೆ ಬೈಟ್‌ಗಳು ಹೋಗುತ್ತವೆ. ಪಡೆದವನು ‘ಇಷ್ಟರವರೆಗೆ ಬಂದಿದೆ, ಮುಂದಿನದು ಕಳಿಸು’ ಎಂದು ಹೇಳುತ್ತಿರಬೇಕು. ನಡುವೆ ಒಂದು ಕಳೆದರೆ, ಆಮೇಲಿನವು ಎಷ್ಟು ಬಂದರೂ ಅವನು ಅದೇ ಸಂಖ್ಯೆಯನ್ನು ಮತ್ತೆ ಮತ್ತೆ ಹೇಳುತ್ತಾನೆ. ಕಳುಹಿಸುವವನಿಗೆ ಅರ್ಥವಾಗುತ್ತದೆ, ಕಳೆದದ್ದನ್ನು ಮತ್ತೆ ಕಳುಹಿಸುತ್ತಾನೆ.

ಕೇಳಲು ಸರಳ. ಆದರೆ ಇದೇ ಸರಳತೆ 1986ರ ಅಕ್ಟೋಬರ್‌ನಲ್ಲಿ ಜಾಲವನ್ನು ನೆಲಕ್ಕೆ ಕೆಡವಿತು. ಅಮೆರಿಕದ ಬರ್ಕ್ಲಿಯಲ್ಲಿ ವಿಶ್ವವಿದ್ಯಾಲಯ ಮತ್ತು ಪಕ್ಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದ ನಡುವೆ ಇದ್ದ ಅಂತರ 400 ಗಜ. ಸೆಕೆಂಡಿಗೆ 32,000 ಬಿಟ್ ಸಾಗುತ್ತಿದ್ದ ಆ ಸಂಪರ್ಕದಲ್ಲಿ ವೇಗ ಸೆಕೆಂಡಿಗೆ 40 ಬಿಟ್‌ಗೆ ಬಿತ್ತು. ನಲವತ್ತು ಬಿಟ್ ಎಂದರೆ ಐದು ಬೈಟ್. ಅಕ್ಷರಗಳನ್ನು ಬೈಟ್‌ಗಳಾಗಿಸಲು ಈಗ ಬಳಕೆಯಲ್ಲಿರುವ ಯುಟಿಎಫ್-8 ಲೆಕ್ಕದಲ್ಲಿ ಕನ್ನಡದ ‘ಕ’ ಒಂದಕ್ಕೇ ಮೂರು ಬೈಟ್ ಬೇಕು, ಸೆಕೆಂಡಿಗೆ ಎರಡಕ್ಷರವೂ ಪೂರ್ತಿ ದಾಟುತ್ತಿರಲಿಲ್ಲ. ಆ 400 ಗಜವನ್ನು ಕಾಗದ ಹಿಡಿದು ನಡೆದುಹೋಗಿದ್ದರೆ ಬೇಗ ತಲುಪಬಹುದಿತ್ತು.

ಕೇಬಲ್ ಕೆಟ್ಟಿರಲಿಲ್ಲ. ದಟ್ಟಣೆ ಹೆಚ್ಚಿ ರೂಟರುಗಳಲ್ಲಿ ಸರದಿಗೆ ಕಾಯುವ ಸಾಲು ತುಂಬಿ ಪ್ಯಾಕೆಟ್‌ಗಳು ಬಿದ್ದುಹೋಗುತ್ತಿದ್ದವು. ಬಿದ್ದದ್ದನ್ನು ಕಂಡ ಟಿಸಿಪಿ ನಿಷ್ಠೆಯಿಂದ ಮತ್ತೆ ಕಳುಹಿಸುತ್ತಿತ್ತು, ಅದರಿಂದ ದಟ್ಟಣೆ ಇನ್ನೂ ಹೆಚ್ಚುತ್ತಿತ್ತು. ಎಲ್ಲರೂ ಏಕಕಾಲಕ್ಕೆ ಗಟ್ಟಿಯಾಗಿ ಮಾತಾಡುವ ಕೋಣೆಯಲ್ಲಿ ನಮ್ಮ ದನಿ ಕೇಳುತ್ತಿಲ್ಲವೆಂದು ನಾವೂ ಗಂಟಲೇರಿಸಿದ ಹಾಗೆ. ಅದೇ ಪ್ರಯೋಗಾಲಯದ ವ್ಯಾನ್ ಜೇಕಬ್ಸನ್ 1988ರಲ್ಲಿ ಪ್ರಕಟಿಸಿದ ಪರಿಹಾರದ ತಿರುಳು ಸಂಯಮ. ಹೊಸ ಸಂಪರ್ಕ ಸ್ವಲ್ಪದರಿಂದ ಆರಂಭಿಸಲಿ, ಸ್ವೀಕೃತಿ ಬಂದಂತೆ ಹೆಚ್ಚಿಸಿಕೊಳ್ಳಲಿ, ಪ್ಯಾಕೆಟ್ ಕಳೆಯಿತು ಎಂದರೆ ಅದನ್ನು ದಟ್ಟಣೆಯ ಸೂಚನೆ ಎಂದು ತಿಳಿದು ಒಮ್ಮೆಲೇ ವೇಗ ತಗ್ಗಿಸಲಿ. ಬದಲಾದದ್ದು ತುದಿಯ ಕಂಪ್ಯೂಟರುಗಳ ತಂತ್ರಾಂಶ. ರೂಟರುಗಳು ತಮ್ಮ ಮರೆಗುಳಿತನದಲ್ಲಿ ಹಾಗೆಯೇ ಉಳಿದವು. ದೊಡ್ಡ ಕಡತ ಇಳಿಸುವಾಗ ವೇಗ ಮೊದಲು ಕಡಿಮೆಯಿದ್ದು ಕ್ರಮೇಣ ಏರುವುದನ್ನು ನೀವು ನೋಡಿರುತ್ತೀರಿ. ಅದರ ಹಿಂದೆ ಇದೂ ಒಂದು ಕಾರಣ.

ಕಳೆದದ್ದೆಲ್ಲ ದಟ್ಟಣೆಯಿಂದಲೇ ಕಳೆಯಿತು ಎಂಬುದು ತಂತಿಯ ಜಾಲದಲ್ಲಿ ಹೆಚ್ಚುಕಡಿಮೆ ನಿಜ. ವೈ-ಫೈ ಬಂದ ಮೇಲೆ ಪ್ಯಾಕೆಟ್‌ಗಳು ಗೋಡೆ ಅಡ್ಡ ಬಂದರೂ ಕಳೆಯತೊಡಗಿದವು. ಟಿಸಿಪಿಗೆ ತನ್ನ ಕೆಳಗೆ ತಂತಿಯಿದೆಯೋ ಗಾಳಿಯಿದೆಯೋ ಗೊತ್ತಿಲ್ಲ, ಗೊತ್ತಿರಬಾರದು ಎಂಬುದೇ ಒಪ್ಪಂದ. ಹಾಗಾಗಿ ದಾರಿ ಖಾಲಿಯಿದ್ದರೂ ಅದು ವಿನಯದಿಂದ ವೇಗ ತಗ್ಗಿಸುತ್ತದೆ. ಇದನ್ನು ಮರೆಮಾಚಲು ವೈ-ಫೈ ಪದರ ತಾನೇ ಕೆಳಗಡೆ ಒಂದಷ್ಟು ಸಲ ಮರುಪ್ರಯತ್ನ ಮಾಡಿ, ಆಮೇಲಷ್ಟೇ ಕೈಚೆಲ್ಲುತ್ತದೆ.

ಇಲ್ಲಿ ಒಬ್ಬರು ಕೇಳಿದರು: ಪ್ರತಿಯೊಂದು ಹೆಜ್ಜೆಯಲ್ಲೂ ತಪ್ಪು ಪರೀಕ್ಷಿಸಿ ಸರಿಪಡಿಸಿದರೆ ತುದಿಯಲ್ಲಿ ಪರೀಕ್ಷಿಸುವ ಕೆಲಸ ಉಳಿಯುತ್ತದೆಯೇ? ಒಳ್ಳೆಯ ಪ್ರಶ್ನೆ. ಇದಕ್ಕೆ ಅಮೆರಿಕದ ಎಂಐಟಿಯಲ್ಲಿ ನಡೆದ ಘಟನೆಯೇ ಉತ್ತರ. ಸಾಲ್ಟ್ಜರ್, ರೀಡ್ ಮತ್ತು ಕ್ಲಾರ್ಕ್ ಎಂಬ ಮೂವರು 1980ರ ದಶಕದ ತಮ್ಮ ಪ್ರಬಂಧವೊಂದರಲ್ಲಿ ಇದನ್ನು ದಾಖಲಿಸಿದ್ದಾರೆ. ಅಲ್ಲಿನ ಜಾಲಗಳ ನಡುವೆ ಪ್ರತಿ ಹೆಜ್ಜೆಯಲ್ಲೂ ಚೆಕ್‌ಸಮ್ ಪರೀಕ್ಷೆ, ಅಂದರೆ ಮಾಹಿತಿಯ ಜೊತೆ ಬಂದ ಮೊತ್ತವನ್ನು ತಾಳೆ ನೋಡುವ ಪರೀಕ್ಷೆ, ಇತ್ತು. ಜಾಲ ನಂಬಬಹುದಾದದ್ದು ಎಂದುಕೊಂಡು ತಂತ್ರಾಂಶ ಬರೆಯುವವರು ನಿಶ್ಚಿಂತರಾಗಿದ್ದರು. ನಡುವಿನ ಒಂದು ಯಂತ್ರಕ್ಕೆ ಒಂದು ವಿಚಿತ್ರ ರೋಗ ಹಿಡಿಯಿತು. ಒಳಬಂದ ಮಾಹಿತಿಯನ್ನು ತನ್ನ ಸ್ಮೃತಿಯೊಳಗೆ ನಕಲು ಮಾಡುವಾಗ ಸುಮಾರು ಹತ್ತು ಲಕ್ಷ ಬೈಟ್‌ಗಳಿಗೆ ಒಮ್ಮೆ ಅಕ್ಕಪಕ್ಕದ ಎರಡು ಬೈಟ್‌ಗಳನ್ನು ಅದಲುಬದಲು ಮಾಡುತ್ತಿತ್ತು. ಬರುವ ತಂತಿಯಲ್ಲಿ ಪರೀಕ್ಷೆ ಸರಿ, ಹೋಗುವ ತಂತಿಯಲ್ಲಿ ಪರೀಕ್ಷೆ ಸರಿ. ತಪ್ಪು ಆಗುತ್ತಿದ್ದದ್ದು ಎರಡು ಪರೀಕ್ಷೆಗಳ ನಡುವಿನ ಸಂದಿಯಲ್ಲಿ. ಒಂದು ಆಪರೇಟಿಂಗ್ ಸಿಸ್ಟಮ್‌ನ ಮೂಲ ಕಡತಗಳು ಆ ಯಂತ್ರದ ಮೂಲಕ ಹಲವು ಸಲ ಓಡಾಡಿ ಕೆಟ್ಟುಹೋದವು. ಕೊನೆಗೆ ಹಳೆಯ ಮುದ್ರಿತ ಪ್ರತಿಗಳನ್ನು ಪಕ್ಕದಲ್ಲಿಟ್ಟುಕೊಂಡು ಕಣ್ಣಿನಿಂದ ಹೋಲಿಸಿ ತಿದ್ದಬೇಕಾಯಿತು. ಹೆಜ್ಜೆ ಹೆಜ್ಜೆಯ ಪರೀಕ್ಷೆ ವೇಗಕ್ಕೆ ಒಳ್ಳೆಯದು, ಖಾತರಿಗೆ ಸಾಲದು. ಕಳುಹಿಸಿದವನು ಮತ್ತು ಪಡೆದವನು ಇಬ್ಬರೇ ಆ ಲೆಕ್ಕ ಚುಕ್ತಾ ಮಾಡಬಲ್ಲರು.

ಪರೀಕ್ಷೆಗೆ ಓದುತ್ತಿರುವವರು ಏಳು ಪದರಗಳ ಪಟ್ಟಿಗಾಗಿ ಕಾಯುತ್ತಿರಬಹುದು. ಒಎಸ್ಐ ಮಾದರಿ ಎಂದು 1984ರಲ್ಲಿ ಅಂತರರಾಷ್ಟ್ರೀಯ ಮಾನಕ ಸಂಸ್ಥೆ ಅದನ್ನು ಪ್ರಕಟಿಸಿತು: ಭೌತಿಕ, ಡೇಟಾ ಲಿಂಕ್, ನೆಟ್‌ವರ್ಕ್, ಟ್ರಾನ್ಸ್‌ಪೋರ್ಟ್, ಸೆಷನ್, ಪ್ರೆಸೆಂಟೇಶನ್, ಅಪ್ಲಿಕೇಶನ್. ಅಂತರ್ಜಾಲವನ್ನು ಈ ಪಟ್ಟಿ ನೋಡಿ ಕಟ್ಟಲಿಲ್ಲ, ಅದು ಆಗಲೇ ಓಡುತ್ತಿತ್ತು. ಐದನೆಯ ಮತ್ತು ಆರನೆಯ ಪದರಗಳ ಬಗ್ಗೆ ಇಷ್ಟು ವರ್ಷ ಜಾಲಗಳ ಜೊತೆ ಕೆಲಸ ಮಾಡಿಯೂ ನನಗೆ ಹೇಳುವುದು ಹೆಚ್ಚಿಲ್ಲ. ಆದರೆ ಆ ಸಂಖ್ಯೆಗಳು ನಮ್ಮ ಮಾತಿನಲ್ಲಿ ಉಳಿದುಕೊಂಡಿವೆ, ‘ಲೇಯರ್ ಎರಡರ ಸಮಸ್ಯೆ’, ‘ಲೇಯರ್ ಮೂರರ ಸ್ವಿಚ್’ ಎನ್ನುತ್ತೇವೆ. ‘ಲೇಯರ್ ಎಂಟರ ಸಮಸ್ಯೆ’ ಎಂದು ಯಾರಾದರೂ ನಿಮ್ಮ ಎದುರಿಗೆ ಹೇಳಿದರೆ ಎಚ್ಚರ. ಕಂಪ್ಯೂಟರಿನ ಮುಂದೆ ಕುಳಿತ ಮನುಷ್ಯನಿಗೆ ನಮ್ಮವರು ಇಟ್ಟಿರುವ ಹೆಸರು ಅದು.

ಒಪ್ಪಂದ ಎಂದಮೇಲೆ ಮುರಿಯುವವರೂ ಇರುತ್ತಾರೆ. ಐಪಿಯ ನಾಲ್ಕನೆಯ ಆವೃತ್ತಿಯಲ್ಲಿ ವಿಳಾಸಕ್ಕೆ 32 ಬಿಟ್, ಅಂದರೆ ಸುಮಾರು 430 ಕೋಟಿ ವಿಳಾಸಗಳು. ಜಾಗತಿಕ ದಾಸ್ತಾನಿನ ಕೊನೆಯ ಕಂತು 2011ರ ಫೆಬ್ರುವರಿಯಲ್ಲಿ ಹಂಚಿಹೋಯಿತು. 128 ಬಿಟ್‌ಗಳ ಆರನೆಯ ಆವೃತ್ತಿ ಅಷ್ಟರಲ್ಲಿ ಸಿದ್ಧವಿತ್ತು, ಆದರೆ ಬದಲಾಗಲು ಯಾರಿಗೂ ಅವಸರವಿರಲಿಲ್ಲ. ಹಾಗಾಗಿ ಒಂದೇ ವಿಳಾಸವನ್ನು ಹಲವು ಯಂತ್ರಗಳಿಗೆ ಹಂಚುವ ನ್ಯಾಟ್ ಎಂಬ ಉಪಾಯ ಎಲ್ಲೆಡೆ ಹಬ್ಬಿತು. ಮನೆಯ ರೂಟರ್ ಮಾಡುವುದು ಅದನ್ನೇ. ಯಾವ ಪ್ಯಾಕೆಟ್ ಯಾರದು ಎಂದು ಗುರುತಿಡಲು ಅದು ಐಪಿಯನ್ನು ದಾಟಿ ಒಳಗಿನ ಪೋರ್ಟ್ ಸಂಖ್ಯೆಯನ್ನು ಓದುತ್ತದೆ, ತಿದ್ದುತ್ತದೆ, ನೆನಪಿಟ್ಟುಕೊಳ್ಳುತ್ತದೆ. ಮೂರೂ ಅದಕ್ಕೆ ನಿಷಿದ್ಧವಾಗಿದ್ದ ಕೆಲಸಗಳು. ಅದರ ಜೊತೆಗೆ ಬೇಡದ ಪ್ಯಾಕೆಟ್‌ಗಳನ್ನು ತಡೆಯುವ ಫೈರ್‌ವಾಲ್‌ಗಳು ಬಂದವು, ದಾರಿಯಲ್ಲಿ ನಿಂತು ಪ್ಯಾಕೆಟ್‌ಗಳ ಹೊಟ್ಟೆ ತಡಕುವ ನಾನಾ ಬಗೆಯ ಪೆಟ್ಟಿಗೆಗಳು ಬಂದವು.

ಈಗ ನನ್ನ ಎರಡು ದಿನಗಳ ಕಥೆ. ಹಲವು ವರ್ಷಗಳ ಹಿಂದೆ ಒಂದು ಸಂಸ್ಥೆಯ ಎರಡು ಕಚೇರಿಗಳ ನಡುವಿನ ಸಂಪರ್ಕವನ್ನು ಗೂಢಲಿಪಿಯ ಸುರಂಗಕ್ಕೆ ಬದಲಿಸಿದೆವು. ಸುರಂಗವೆಂದರೆ ಪ್ಯಾಕೆಟ್‌ನೊಳಗೆ ಇನ್ನೊಂದು ಪ್ಯಾಕೆಟ್ ಅಡಗಿಸಿ ಕಳುಹಿಸುವುದು. ಮರುದಿನ ಬೆಳಿಗ್ಗೆ ದೂರುಗಳು ಬಂದವು, ಆದರೆ ವಿಚಿತ್ರವಾದ ದೂರುಗಳು. ಪಿಂಗ್ ಮಾಡಿದರೆ ಉತ್ತರ ಬರುತ್ತದೆ. ಲಾಗಿನ್ ಆಗಬಹುದು. ಕಡತಗಳ ಚಿಕ್ಕ ಪಟ್ಟಿ ಕಾಣುತ್ತದೆ. ದೊಡ್ಡ ಪಟ್ಟಿ ಕೇಳಿದ ಕೂಡಲೇ ಪರದೆ ಸ್ತಬ್ಧ. ಒಳಜಾಲದ ಪುಟಗಳಲ್ಲಿ ಸಣ್ಣವು ತೆರೆಯುತ್ತವೆ, ಉದ್ದದವು ಬಿಳಿಯಾಗಿಯೇ ಉಳಿಯುತ್ತವೆ. ಒಂದು ದಿನ ಸರ್ವರನ್ನು ದೂಷಿಸಿದೆವು, ಇನ್ನರ್ಧ ದಿನ ಕೇಬಲನ್ನು.

ಎರಡನೆಯ ಮಧ್ಯಾಹ್ನ ಸುಮ್ಮನೆ ಕುಳಿತು, ಪಿಂಗ್‌ಗೆ ‘ಹೊರೆಯ ಗಾತ್ರ ಇಷ್ಟಿರಲಿ, ಒಡೆಯಬೇಡ’ ಎಂದು ಹೇಳಿ ಒಂದೊಂದೇ ಗಾತ್ರ ಪ್ರಯತ್ನಿಸಿದೆ. 1000 ಬೈಟ್ ಹೋಯಿತು. 1472 ಹೋಗಲಿಲ್ಲ. 1200 ಹೋಯಿತು. 1400 ಇಲ್ಲ. ಕೊನೆಗೆ 1372 ಹೋಯಿತು, 1373 ಹೋಗಲಿಲ್ಲ. ಐಪಿಯ 20 ಮತ್ತು ಐಸಿಎಂಪಿಯ 8 ಕೂಡಿಸಿ ನೋಡಿ, ಸರಿಯಾಗಿ 1400. ಸುರಂಗ ತನ್ನ ಹೆಡರ್‌ಗಳಿಗೆ ಜಾಗ ಹಿಡಿದುಕೊಂಡು ಒಳಗಿನವರಿಗೆ 1400 ಮಾತ್ರ ಉಳಿಸಿತ್ತು. ಕಂಪ್ಯೂಟರುಗಳು 1500 ಇದೆ ಎಂದೇ ನಂಬಿದ್ದವು. ಪಾರಿವಾಳಕ್ಕೆ 256 ಮಿಲಿಗ್ರಾಂ ಎಂದರೆ 300 ಕಟ್ಟಿದ ಹಾಗೆ.

ಇಂಥ ಸಂದರ್ಭಕ್ಕೆ ವ್ಯವಸ್ಥೆಯಲ್ಲಿ ಪರಿಹಾರವಿದೆ. ಹೊರಲಾರದ ಪ್ಯಾಕೆಟ್ ಬಂದಾಗ ರೂಟರ್ ಅದನ್ನು ಬಿಸುಟು, ‘ದೊಡ್ಡದಾಯಿತು, ನನ್ನ ಮಿತಿ 1400’ ಎಂದು ಕಳುಹಿಸಿದವನಿಗೆ ಐಸಿಎಂಪಿ ಚೀಟಿ ಬರೆಯಬೇಕು. ನಮ್ಮ ರೂಟರ್ ಬರೆಯುತ್ತಲೂ ಇತ್ತು. ಆದರೆ ಸರ್ವರಿನ ಮುಂದಿದ್ದ ಫೈರ್‌ವಾಲ್‌ನಲ್ಲಿ ಯಾರೋ ಸುರಕ್ಷತೆಯ ಹೆಸರಿನಲ್ಲಿ ಪಿಂಗ್ ಒಂದನ್ನು ಬಿಟ್ಟು ಐಸಿಎಂಪಿಯ ಬೇರೆಲ್ಲವನ್ನೂ ತಡೆದಿದ್ದರು. ಚೀಟಿಗಳು ಬಾಗಿಲಲ್ಲೇ ಸಾಯುತ್ತಿದ್ದವು. ಸರ್ವರಿನ ಟಿಸಿಪಿಗೆ ಗೊತ್ತಾಗುತ್ತಿದ್ದದ್ದು ಇಷ್ಟೇ: ಸ್ವೀಕೃತಿ ಬರಲಿಲ್ಲ. ಅದೇ ಗಾತ್ರದ ಅದೇ ಪ್ಯಾಕೆಟ್ ಅನ್ನು ಅದು ಮತ್ತೆ ಮತ್ತೆ ಕಳುಹಿಸುತ್ತಿತ್ತು, ಪ್ರತಿ ಸಲವೂ ಇನ್ನಷ್ಟು ಹೆಚ್ಚು ಕಾದು. ತಿದ್ದಿದ್ದು ಫೈರ್‌ವಾಲ್‌ನ ಒಂದು ಸಾಲು. ಆ ಸಾಲನ್ನು ಬರೆದವರು ಯಾರು ಎಂದು ನಾನು ವಿಚಾರಿಸಲಿಲ್ಲ, ನಾನೇ ಆಗಿದ್ದರೆ ಎಂಬ ಭಯವೂ ಇತ್ತು.

ಪದರಗಳನ್ನು ಮೀರಿ ಇಣುಕುವವರು ಹೆಚ್ಚಾದದ್ದರ ದೊಡ್ಡ ಪರಿಣಾಮ ಬೇರೆ ಕಡೆ ಕಂಡಿತು. ಟಿಸಿಪಿಯಲ್ಲಿ ಏನಾದರೂ ಹೊಸತನ್ನು ಸೇರಿಸಹೋದರೆ ದಾರಿಯ ಪೆಟ್ಟಿಗೆಗಳು ‘ಇಂಥದ್ದನ್ನು ನಾನು ಕಂಡಿಲ್ಲ’ ಎಂದು ಬಿಸಾಡತೊಡಗಿದವು. ತುದಿಗಳು ಬಯಸಿದರೂ ಬದಲಾಗಲಾರದ ಸ್ಥಿತಿ. ಇದರ ಜೊತೆಗೆ ಕಾಯುವಿಕೆಯ ಲೆಕ್ಕವೂ ಇತ್ತು. ಗಾಜಿನೆಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಸಾಗುತ್ತದೆ. ಭೂಮಿಯ ಆಚೆ ಬದಿ, ನೇರ ಕೇಬಲ್ ಇದ್ದರೂ, 20,000 ಕಿಲೋಮೀಟರ್. ಹೋಗಿ ಬರಲು 200 ಮಿಲಿಸೆಕೆಂಡು, ಇದನ್ನು ಯಾವ ಕಂಪನಿಯೂ ಕಡಿಮೆ ಮಾಡಲಾರದು. ಟಿಸಿಪಿಯ ಶಾಸ್ತ್ರಕ್ಕೆ ಒಂದು ಸುತ್ತು, ಗೂಢಲಿಪಿಯ ಕೀಲಿ ಒಪ್ಪಂದಕ್ಕೆ ಇನ್ನೊಂದು, ಆಮೇಲೆ ಕೋರಿಕೆಗೆ ಮತ್ತೊಂದು. ಪುಟದ ಮೊದಲ ಅಕ್ಷರ ಬರುವ ಮುನ್ನ 600 ಮಿಲಿಸೆಕೆಂಡು ಕಳೆದಿರುತ್ತದೆ.

ಎರಡಕ್ಕೂ ಸೇರಿ ಸಿಕ್ಕ ಉತ್ತರ ಕ್ವಿಕ್ ಎಂಬ ಪ್ರೊಟೊಕಾಲ್, 2021ರಲ್ಲಿ ಮಾನಕವಾಯಿತು. ಅದು ಟಿಸಿಪಿಯನ್ನು ಬಿಟ್ಟು, ಏನನ್ನೂ ಖಾತರಿ ಕೊಡದ ಆ 8 ಬೈಟ್‌ಗಳ ಯುಡಿಪಿಯ ಮೇಲೆ ಕುಳಿತಿದೆ. ಎಣಿಕೆ, ಸ್ವೀಕೃತಿ, ಸಂಯಮ ಎಲ್ಲವನ್ನೂ ತಾನೇ ಮಾಡುತ್ತದೆ, ಮೊದಲ ಎರಡು ಸುತ್ತುಗಳನ್ನು ಒಂದಕ್ಕೆ ಇಳಿಸುತ್ತದೆ. ತನ್ನ ಹೆಡರ್‌ನ ಬಹುಭಾಗವನ್ನೂ ಗೂಢಲಿಪಿಯಲ್ಲಿ ಮುಚ್ಚುತ್ತದೆ. ಮುಚ್ಚುವುದು ಕಳ್ಳರಿಗಾಗಿ ಮಾತ್ರವಲ್ಲ. ದಾರಿಯ ಪೆಟ್ಟಿಗೆಗಳು ಓದಲಾರದ್ದನ್ನು ಅವಲಂಬಿಸಲಾರವು, ಅವಲಂಬಿಸದಿದ್ದರೆ ನಾಳೆ ಬದಲಾಯಿಸಬಹುದು. ಐವತ್ತು ವರ್ಷಗಳ ಹಿಂದೆ ವಿಶ್ವಾಸದ ಮೇಲೆ ನಡೆಯುತ್ತಿದ್ದ ‘ನೀನು ತಿಳಿಯದೆ ಇರು’ ಎಂಬ ಒಪ್ಪಂದಕ್ಕೆ ಈಗ ಬೀಗ ಹಾಕಿದ್ದಾರೆ.

ಮನೆಗೆ ಹೋದ ಮೇಲೆ ಒಂದು ಕೆಲಸ ಮಾಡಿ. ಟ್ರೇಸ್‌ರೂಟ್ ಎಂಬ ತಂತ್ರಾಂಶವನ್ನು ಯಾವುದಾದರೂ ದೂರದ ತಾಣದ ಹೆಸರು ಕೊಟ್ಟು ಓಡಿಸಿ. ಬರೆದವರು ಅದೇ ವ್ಯಾನ್ ಜೇಕಬ್ಸನ್. ಅದರ ಉಪಾಯ ಕುಚೋದ್ಯದಂತಿದೆ. ಟಿಟಿಎಲ್ ಒಂದು ಎಂದು ಬರೆದು ಪ್ಯಾಕೆಟ್ ಕಳುಹಿಸುತ್ತದೆ, ಮೊದಲ ರೂಟರಿನಲ್ಲೇ ಅದು ಸತ್ತು ಚೀಟಿ ಬರುತ್ತದೆ. ಎರಡು ಎಂದು ಬರೆದರೆ ಎರಡನೆಯದರಲ್ಲಿ, ಮೂರು ಎಂದರೆ ಮೂರನೆಯದರಲ್ಲಿ. ಹೀಗೆ ಮರಣವಾರ್ತೆಗಳನ್ನು ಜೋಡಿಸಿ, ಯಾವ ರೂಟರಿಗೂ ಪೂರ್ತಿ ಗೊತ್ತಿಲ್ಲದ ದಾರಿಯ ನಕ್ಷೆಯನ್ನು ನಿಮ್ಮ ಮುಂದೆ ಬರೆದಿಡುತ್ತದೆ. ಕೆಲವು ಸಾಲುಗಳಲ್ಲಿ ಹೆಸರಿನ ಬದಲು ಮೂರು ನಕ್ಷತ್ರ ಚಿಹ್ನೆಗಳು ಬರುತ್ತವೆ. ಹೆಚ್ಚಿನ ಸಲ ಅದರ ಅರ್ಥ ಅಲ್ಲಿ ದಾರಿ ಕಡಿದಿದೆ ಎಂದಲ್ಲ. ಮುಂದಿನ ಸಾಲಿನಲ್ಲಿ ಮತ್ತೆ ಹೆಸರು ಬಂದರೆ, ನಡುವಿನ ಆ ರೂಟರ್ ನಿಮ್ಮ ಪ್ಯಾಕೆಟ್‌ಗಳನ್ನು ದಾಟಿಸುತ್ತಿದೆ, ಚೀಟಿ ಬರೆಯುವ ಕೆಲಸ ಮಾತ್ರ ತನ್ನದಲ್ಲ ಎಂದುಕೊಂಡಿದೆ.